ಗ್ರಂಥಾಲಯ ಪಿತಾಮಹ ಡಾ. ಎಸ್. ಆರ್. ರಂಗನಾಥನ್

ಕಪಾಟಿಗೆ ಕೀಲಿ ಹಾಕಿ ಪುಸ್ತಕ ಕಾಯುವುದೇ ಗ್ರಂಥಪಾಲಕನ ಕೆಲಸ ಎಂದು ನಮ್ಮ ಕಡೆ ಬಹಳ ದಿನ ತಿಳಿದಿದ್ದರು. ಆ ತಿಳುವಳಿಕೆಯನ್ನು ತಿದ್ದಿದ ಹಿರಿಯರು ಶಿಯಾಳಿ ರಾಮಾಮೃತ ರಂಗನಾಥನ್.

1892ರ ಆಗಸ್ಟ್‌ನಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದ ಅವರು ವೃತ್ತಿಯಿಂದ ಗಣಿತದ ಮಾಸ್ತರರು. 1917ರಲ್ಲಿ ಅವರು ಪಾಠ ಹೇಳಲು ಆರಂಭಿಸಿದ್ದು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿರಲಿಕ್ಕಿಲ್ಲ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೆಲವೇ ದಿನಗಳಲ್ಲಿ ಬೇಸತ್ತು, ಪಾಠದ ಕೆಲಸಕ್ಕೇ ಮರಳುವೆನೆಂದು ಹಟ ಹಿಡಿದರು. ಮೊದಲು ಲಂಡನ್ನಿಗೆ ಹೋಗಿ ಬರಲಿ, ಆಮೇಲೆ ನೋಡೋಣ ಎಂದು ಹಿರಿಯರು ಸಮಾಧಾನಪಡಿಸಿ ಕಳಿಸಿದರು.

ಅಲ್ಲಿನ ಗ್ರಂಥಾಲಯಗಳಲ್ಲಿ ಮಕ್ಕಳು, ಹೆಣ್ಣುಮಕ್ಕಳು, ಕೂಲಿಕಾರರು ಎಲ್ಲರೂ ಓದುವುದನ್ನು ಕಂಡು ಅವರ ಮನಸ್ಸು ತಿರುಗಿತು. ಅಂಗಡಿಯೊಂದರಲ್ಲಿ ಕಂಡ ಮೆಕ್ಯಾನೋ ಆಟಿಕೆಯ ಬಿಡಿ ಪಟ್ಟಿಗಳು ಪುಸ್ತಕ ವರ್ಗೀಕರಣಕ್ಕೆ ಹೊಸ ದಾರಿ ತೋರಿದವು. ಅದೇ 1933ರಲ್ಲಿ ಅಚ್ಚಾದ ಕೋಲನ್ ವರ್ಗೀಕರಣ.

1925ರಲ್ಲಿ ಮದ್ರಾಸಿಗೆ ಮರಳಿದ ಮೇಲೆ ಓದುಗರು ತಾವೇ ಕಪಾಟಿನ ಬಳಿ ಹೋಗಿ ಪುಸ್ತಕ ನೋಡುವಂತೆ ಮಾಡಿದರು. ಅದರಿಂದಲೇ ಕೆಲಸ ಮುಗಿಯಲಿಲ್ಲ. ನಿಘಂಟು, ವಿಶ್ವಕೋಶ, ನಕಾಶೆ, ಗ್ಯಾಝೆಟಿಯರ್‌ಗಳ ಬಳಕೆ ಬಲ್ಲ ಒಬ್ಬರು ಓದುಗನ ಪಕ್ಕದಲ್ಲಿ ನಿಲ್ಲಬೇಕು ಎಂಬುದು ಅವರ ನಿಲುವು. ಇದಕ್ಕೆ ಪರಾಮರ್ಶನ ಸೇವೆ ಎಂದು ಹೆಸರು. ಓದುಗ ಮೊದಲು ಕೇಳುವುದು ಒಂದು, ಅವನಿಗೆ ಬೇಕಾದದ್ದು ಇನ್ನೊಂದು. ಮುಂಡರಗಿಯ ಹುಡುಗ ಬಂದು ಇತಿಹಾಸದ ಪುಸ್ತಕ ಕೊಡಿರಿ ಎನ್ನುತ್ತಾನೆ ಎನ್ನಿ. ನಾಲ್ಕು ಮಾತಾಡಿಸಿದರೆ, ಅವನಿಗೆ ಬೇಕಾದದ್ದು 1858ರ ಬಂಡಾಯದ ಮುಂಡರಗಿ ಭೀಮರಾಯರ ಸಂಗತಿ ಎಂದು ತಿಳಿಯುತ್ತದೆ. ಹಳೆಯ ಧಾರವಾಡ ಜಿಲ್ಲಾ ಗ್ಯಾಝೆಟಿಯರ್ ತೆಗೆದರೆ ಕೆಲಸ ಬೇಗ ಮುಗಿದೀತು. ಲಕ್ಷ್ಮೇಶ್ವರದ ಬಸದಿಗಳಿಗೆ ಯಾರು ಯಾರು ದತ್ತಿ ಕೊಟ್ಟರು ಎಂದು ಕೇಳಿದರೆ ಹಾಗಾಗುವುದಿಲ್ಲ. ಶಾಸನ ಸಂಪುಟಗಳ ಮುಂದೆ ದಿನಗಟ್ಟಲೆ ಕೂಡಬೇಕು. ಕೂಡಲೇ ಸಿಗುವ ಉತ್ತರ, ಹುಡುಕಿ ಕೊಡಬೇಕಾದ ಉತ್ತರ ಎಂದು ರಂಗನಾಥನ್ ಇವೆರಡನ್ನೂ ಬೇರ್ಪಡಿಸಿ ತೋರಿಸಿದರು. ಓದುಗನ ವೇಳೆ ಉಳಿಸಬೇಕೆಂಬುದು 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು. ನನಗೆ ಐದರಲ್ಲೂ ಅದೇ ದೊಡ್ಡದೆನಿಸುತ್ತದೆ. ಸಂಜೆಯ ಬಸ್ಸಿಗೆ ಶಿರಹಟ್ಟಿಗೋ ಮುಂಡರಗಿಗೋ ಮರಳಬೇಕಾದವನಿಗೆ ಅದರ ಬೆಲೆ ಗೊತ್ತು.

ಮದ್ರಾಸಿನ ನಂತರ ಬನಾರಸ್, ದೆಹಲಿಗಳಲ್ಲಿ ದುಡಿದರು. 1956ರಲ್ಲಿ ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಯನ್ನು ಗ್ರಂಥಾಲಯ ವಿಜ್ಞಾನದ ಪೀಠಕ್ಕಾಗಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಕಡೆಯ ವರ್ಷಗಳು ಬೆಂಗಳೂರಿನಲ್ಲಿ ಕಳೆದವು. 1962ರಲ್ಲಿ ಅಲ್ಲಿ ದಾಖಲೆ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು. ನಮ್ಮ ರಾಜ್ಯದ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಹಿಂದೆಯೂ ಅವರ ಶ್ರಮವಿದೆ. ಗದಗ-ಬೆಟಗೇರಿಯ ಮನೆ ತೆರಿಗೆಯೊಡನೆ ಗ್ರಂಥಾಲಯ ಕರ ಕಟ್ಟುವವರು ರಸೀದಿಯನ್ನೊಮ್ಮೆ ನೋಡಿಕೊಳ್ಳಬಹುದು.

1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಆಗಸ್ಟ್ 12ನ್ನು ಗ್ರಂಥಪಾಲಕರ ದಿನವೆಂದು ಆಚರಿಸುವುದು ಅವರ ನೆನಪಿಗೆ.