ಅಂಗಸಾಧಕ ಕೆ. ವಿ. ಅಯ್ಯರ್

ಕನ್ನಡ ವಾಚಕರಿಗೆ ಕೆ. ವಿ. ಅಯ್ಯರವರು ಬಹುಮಟ್ಟಿಗೆ ಎರಡು ಕಾದಂಬರಿಗಳ ಕರ್ತೃವಾಗಿ ಪರಿಚಿತರು. ಹೊಯ್ಸಳ ರಾಣಿಯ ಬಾಳನ್ನು ಚಿತ್ರಿಸಿದ ‘ಶಾಂತಲಾ’, ಇಟಲಿಯ ಫ್ಲಾರೆನ್ಸ್ ನಗರವನ್ನು ನಮ್ಮ ಕಣ್ಣಮುಂದೆ ತಂದಿರಿಸಿದ ‘ರೂಪದರ್ಶಿ’—ಇವನ್ನು ಓದಿ ಮೆಚ್ಚಿದ ವಿದ್ಯಾರ್ಥಿಗಳಲ್ಲಿ ಅನೇಕರಿಗೆ, ಈ ಕೃತಿಗಳನ್ನು ರಚಿಸಿದ ಕೈ ಲೇಖನಿಗಿಂತ ಹೆಚ್ಚಾಗಿ ಕಬ್ಬಿಣದ ಗುಂಡುಗಳನ್ನು ಹಿಡಿದು ಪಳಗಿದ ಕೈ ಎಂಬ ಸಂಗತಿ ತಿಳಿದಿರಲಾರದು. ವೃತ್ತಿಯಿಂದ ಅವರು ಅಂಗಸಾಧನೆಯ ಗುರುಗಳು. ಫಿಸಿಯೋಥೆರಪಿ ಎಂಬ ಹೆಸರು ನಮ್ಮ ನಾಡಿನಲ್ಲಿ ಬಳಕೆಗೆ ಬರುವ ಎಷ್ಟೋ ಮೊದಲೇ, ದೇಹದ ಚಲನೆಯಿಂದಲೇ ದೇಹದ ಬೇನೆಯನ್ನು ಪರಿಹರಿಸಬಹುದೆಂದು ನಂಬಿ, ಆ ನಂಬಿಕೆಯ ಮೇಲೆ ಬಾಳನ್ನು ಕಟ್ಟಿಕೊಂಡವರು. ಮನುಷ್ಯನು ಇಂಥ ವೃತ್ತಿಗೆ ಏಕೆ ಒಲಿಯುತ್ತಾನೆ ಎಂಬ ಪ್ರಶ್ನೆಗೆ ಅವರ ಜೀವಿತದಲ್ಲಿ ಒಂದು ಉತ್ತರ ದೊರೆಯುತ್ತದೆ.

ಕೋಲಾರ ವೆಂಕಟೇಶ ಅಯ್ಯರವರು ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ. ಅವರ ಬಾಲ್ಯದ ಕಾಲದಲ್ಲಿ ಲೋಕದ ತರುಣರೆಲ್ಲರ ಬಾಯಲ್ಲಿ ಯೂಜೆನ್ ಸ್ಯಾಂಡೋನ ಹೆಸರಿತ್ತು. ಪ್ರಷ್ಯದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಕೀರ್ತಿ ಪಡೆದ ಈ ಮಲ್ಲ 1905ರ ಸುಮಾರಿಗೆ ಭಾರತದಲ್ಲಿಯೂ ಸಂಚರಿಸಿ, ಗ್ರೀಕ್ ಶಿಲ್ಪದಂತಿದ್ದ ತನ್ನ ಮೈಕಟ್ಟನ್ನು ಪ್ರದರ್ಶಿಸಿದ್ದ. ನಮ್ಮಲ್ಲಿ ಗರಡಿಮನೆಗಳಿಗೇನೂ ಕೊರತೆಯಿರಲಿಲ್ಲ. ದಂಡ, ಬಸ್ಕಿ, ಗದೆ, ಕುಸ್ತಿಗಳ ಪರಂಪರೆ ಅಖಂಡವಾಗಿ ನಡೆದುಬಂದಿತ್ತು. ಆದರೆ ಗರಡಿಯ ಗುರಿ ಗೆಲುವು; ಸ್ಯಾಂಡೋ ತೋರಿಸಿದ ಗುರಿ ರೂಪ. ತರುಣ ಅಯ್ಯರವರು ಒಲಿದದ್ದು ಈ ಎರಡನೆಯದಕ್ಕೆ.

1922ರಲ್ಲಿ ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಎಂಬ ಹೆಸರಿನ ವ್ಯಾಯಾಮಮಂದಿರವನ್ನು ತೆರೆದರು. ಅವರ ದೇಹದ ಛಾಯಾಚಿತ್ರಗಳು ವಿದೇಶೀ ವ್ಯಾಯಾಮ ಪತ್ರಿಕೆಗಳಲ್ಲಿ ಅಚ್ಚಾದುವು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದರು. ತಮ್ಮ ಮೈಕಟ್ಟಿನ ವಿಷಯದಲ್ಲಿ ಅವರಿಗಿದ್ದ ಅಭಿಮಾನ ಸಣ್ಣದಾಗಿರಲಿಲ್ಲ. ಅದನ್ನು ಅವರು ಮರೆಮಾಚಲೂ ಇಲ್ಲ. ಮೊದಮೊದಲು ಅವರನ್ನು ಸೆಳೆದದ್ದು ಸೌಂದರ್ಯ, ಅದರಲ್ಲಿಯೂ ತಮ್ಮ ದೇಹದ ಸೌಂದರ್ಯವೇ ಎಂದರೆ ಅವರಿಗೆ ಅಗೌರವವಾಗದು. ಕನ್ನಡಿಯ ಮುಂದೆ ನಿಂತು ಆರಂಭಿಸಿದ ಸಾಧಕರು ಬಹುಮಂದಿ. ಕನ್ನಡಿಯನ್ನು ಬಿಟ್ಟು ಈಚೆಗೆ ಬಂದವರು ವಿರಳ. ಅಯ್ಯರವರ ಹಿರಿಮೆ ಈ ಬರುವಿಕೆಯಲ್ಲಿದೆ.

ವ್ಯಾಯಾಮಮಂದಿರವನ್ನು ತೆರೆದವನ ಬಳಿಗೆ ಸುಂದರ ಶರೀರಿಗಳು ಮಾತ್ರವೇ ಬರುವುದಿಲ್ಲ. ಕುಗ್ಗಿದ ಎದೆ, ಬಾಗಿದ ಬೆನ್ನು, ಕೆಟ್ಟ ಜೀರ್ಣಶಕ್ತಿ ಇವುಗಳನ್ನು ಹೊತ್ತವರೂ ಬರುತ್ತಾರೆ. ಅಂಥವರಿಗೆ ಭಾರವೆತ್ತುವ ಸಾಧನೆಯೊಂದೇ ಸಾಲದೆಂಬುದನ್ನು ಅಯ್ಯರವರು ಕಂಡುಕೊಂಡರು. ವಕೀಲರಾಗಿದ್ದ ಎಸ್. ಸುಂದರಂ ಅವರ ಸಹವಾಸದಲ್ಲಿ ಯೋಗಾಸನಗಳ ಕಡೆಗೆ ಅವರ ಗಮನ ಬಲವಾಗಿ ಹರಿಯಿತು. ಕಬ್ಬಿಣದ ಗುಂಡು ಹೊರಗಿನ ಸ್ನಾಯುಗಳನ್ನು ರೂಪಿಸಿದರೆ ಆಸನಗಳು ಒಳಗಿನ ಅಂಗಗಳನ್ನು ಶುದ್ಧಿಗೊಳಿಸುತ್ತವೆಂಬುದು ಅವರ ಸಿದ್ಧಾಂತ; ಎರಡನ್ನೂ ಬೆಸೆದುದು ಅವರ ಪದ್ಧತಿ. 1937ರಲ್ಲಿ ಸೂರ್ಯನಮಸ್ಕಾರವನ್ನು ಕುರಿತು ಪುಸ್ತಕ ಬರೆದರು. ಬೆಂಗಳೂರಿಗೆ ಬರಲಾಗದವರಿಗೆ ಅಂಚೆಯ ಮೂಲಕ ಪಾಠಗಳನ್ನು ಕಳಿಸುವ ಏರ್ಪಾಟನ್ನೂ ಮಾಡಿದ್ದರು.

ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರವರು ತಮ್ಮ ಆರೋಗ್ಯದ ಸಲುವಾಗಿ ಅಯ್ಯರವರ ನೆರವನ್ನು ಪಡೆದರು. ಅವರಿಗೆ ಪೋಷಕರೂ ಆದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆಯ ನೆರೆಯಲ್ಲಿಯೇ ಅಯ್ಯರವರ ಶಿಷ್ಯರೊಬ್ಬರು ವ್ಯಾಯಾಮ ಕಲಿಸುತ್ತಿದ್ದರು. ಬೆಂಗಳೂರಿನ ಜೆ. ಸಿ. ರಸ್ತೆಯಲ್ಲಿ ನೆಲೆಗೊಂಡ ಅಯ್ಯರವರ ವ್ಯಾಯಾಮಶಾಲೆ ಒಂದು ತಲೆಮಾರಿನ ಮನೆಮಾತಾಯಿತು.

ದೇಹವನ್ನು ಪಳಗಿಸುವ ಛಲವೂ ಕಥೆ ಕಟ್ಟುವ ಬಯಕೆಯೂ ಒಬ್ಬರಲ್ಲಿಯೇ ಕೂಡಿರುವುದು ವಿಚಿತ್ರವೆಂದು ತೋರಬಹುದು. ಆದರೆ ಈ ವಿದ್ಯೆಯ ಚರಿತ್ರೆಯಲ್ಲಿ ಇದು ಹೊಸದಲ್ಲ. 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಂಗಸಾಧನೆಯ ರಾಜಕೀಯ ವಿದ್ಯಾಲಯವನ್ನು ಸ್ಥಾಪಿಸಿ, ಚಲನೆಯನ್ನು ಚಿಕಿತ್ಸೆಯನ್ನಾಗಿಸಿದ ಸ್ವೀಡನ್ನಿನ ಪೇರ್ ಹೆನ್ರಿಕ್ ಲಿಂಗ್ ಕೂಡ ಕವಿಯಾಗಿದ್ದವನು. ಕತ್ತಿವರಸೆಯ ಅಭ್ಯಾಸದಿಂದ ತನ್ನ ತೋಳಿನ ನೋವು ಕಡಮೆಯಾದುದನ್ನು ಕಂಡು ಆತ ಈ ಮಾರ್ಗ ಹಿಡಿದನೆಂದು ಹೇಳುತ್ತಾರೆ. ಅಲ್ಲಿಂದ ಮುಂದೆ 1894ರಲ್ಲಿ ಲಂಡನ್ನಿನ ನಾಲ್ವರು ದಾದಿಯರು ಅಂಗಮರ್ದನದ ವೃತ್ತಿಗೆ ಶಿಸ್ತನ್ನೂ ಗೌರವವನ್ನೂ ತರಲು ಸಂಘ ಕಟ್ಟಿದರು. ಮೊದಲನೆಯ ಮಹಾಯುದ್ಧದ ಗಾಯಾಳುಗಳೂ ಪೋಲಿಯೋ ಪೀಡಿತ ಮಕ್ಕಳೂ ಈ ವಿದ್ಯೆಯ ಅಗತ್ಯವನ್ನು ಜಗತ್ತಿಗೆ ತಿಳಿಸಿಕೊಟ್ಟರು. ಭಾರತದಲ್ಲಿ ಇದರ ಕ್ರಮಬದ್ಧ ಶಿಕ್ಷಣ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ತೊಡಗಿದ್ದು 1950ರ ದಶಕದ ಆರಂಭದಲ್ಲಿ. ಆ ವೇಳೆಗೆ ಅಯ್ಯರವರು ಮೂರು ದಶಕಗಳ ಕಾಲ ತಮ್ಮ ದಾರಿಯಲ್ಲಿ ನಡೆದಿದ್ದರು. ಅವರು ಆಸ್ಪತ್ರೆಯ ಶಿಕ್ಷಣ ಪಡೆದವರಲ್ಲ. ಇಂದಿನ ಅರ್ಥದಲ್ಲಿ ಫಿಸಿಯೋಥೆರಪಿಸ್ಟರೂ ಅಲ್ಲ. ಆದರೆ ಗರಡಿಮನೆಗೂ ಆಸ್ಪತ್ರೆಗೂ ನಡುವಣ ದಾರಿಯನ್ನು ನಮ್ಮಲ್ಲಿ ಮೊದಮೊದಲು ತುಳಿದವರಲ್ಲಿ ಅವರೊಬ್ಬರು.

ಅವರ ಅಂತಃಕರಣವನ್ನು ತಿಳಿಯಬೇಕಾದರೆ ಟಿ. ಪಿ. ಕೈಲಾಸಂ ಅವರೊಡನೆ ಇದ್ದ ಸ್ನೇಹವನ್ನು ನೆನೆಯಬೇಕು. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿ ಬಂದ ಕೈಲಾಸಂ, ಯೌವನದಲ್ಲಿ ತಾವೂ ಕಟ್ಟುಮಸ್ತಾದ ಆಟಗಾರರು. ಮುಂದೆ ಮನೆ, ಮೈ, ಹಣ ಯಾವುದನ್ನೂ ಲೆಕ್ಕಿಸದೆ ಬಾಳಿದ ಅವಧೂತರು. ಅವರ ಕೈಯಲ್ಲಿ ಸಿಗರೇಟು ಆರುತ್ತಿರಲಿಲ್ಲ. ದೇಹವನ್ನು ದೇಗುಲವೆಂದು ತಿಳಿದವರ ವ್ಯಾಯಾಮಶಾಲೆಯೇ ದೇಹವನ್ನು ಧರ್ಮಛತ್ರದಂತೆ ಬಳಸಿದ ಈ ಪ್ರತಿಭಾವಂತರಿಗೆ ಆಶ್ರಯವಾಯಿತು. 1946ರಲ್ಲಿ ಕೈಲಾಸಂ ತೀರಿಕೊಂಡರು. ನಿಯಮವನ್ನು ಪಾಲಿಸದವನನ್ನೂ ಪ್ರೀತಿಸಬಲ್ಲ ಗುಣವಿಲ್ಲದವನು ಪರರ ದೇಹಕ್ಕೆ ಕೈಹಚ್ಚಲು ಅರ್ಹನಲ್ಲ. ಹೇಳಿದ ವ್ಯಾಯಾಮವನ್ನು ಮಾಡದೆ ಬರುವ ರೋಗಿಯನ್ನು ಮತ್ತೆ ಸೌಮ್ಯವಾಗಿ ಎಬ್ಬಿಸಿ ನಿಲ್ಲಿಸುವುದೇ ಅಲ್ಲವೆ ಈ ವೃತ್ತಿಯ ನಿತ್ಯಕರ್ಮ?

‘ರೂಪದರ್ಶಿ’ಯನ್ನು ಈ ಹಿನ್ನೆಲೆಯಲ್ಲಿ ಮತ್ತೊಮ್ಮೆ ಓದಬೇಕು. ಮೈಕೆಲೆಂಜಲೊ ಬಾಲಯೇಸುವಿನ ಚಿತ್ರಕ್ಕಾಗಿ ಮುಗ್ಧ ಸುಂದರ ಬಾಲಕನೊಬ್ಬನನ್ನು ಆರಿಸಿಕೊಳ್ಳುತ್ತಾನೆ. ಬಹುಕಾಲದ ಮೇಲೆ ಯೇಸುವಿಗೆ ದ್ರೋಹ ಬಗೆದ ಜುದಾಸನ ಚಿತ್ರಕ್ಕೆ ಕ್ರೂರಮುಖವೊಂದನ್ನು ಹುಡುಕಿ ತಂದಾಗ, ಆತ ಹಿಂದಿನ ಆ ಬಾಲಕನೇ ಎಂಬುದು ಬಯಲಾಗುತ್ತದೆ. ಬೇರೆಡೆ ಓದಿದ ಸಣ್ಣಕಥೆಯ ಎಳೆಯೊಂದನ್ನು ಹಿಡಿದು ಅಯ್ಯರವರು ಇದನ್ನು ನೇಯ್ದರು. ಅಷ್ಟೊಂದು ಕಥೆಗಳ ನಡುವೆ ಈ ಕಥೆಯೇ ಅವರ ಮನಸ್ಸನ್ನು ಹಿಡಿದದ್ದು ಆಕಸ್ಮಿಕವಲ್ಲವೆನಿಸುತ್ತದೆ. ಬಾಳಿದ ಬಾಳು ಮೈಯಲ್ಲಿ ಅಚ್ಚೊತ್ತಿರುತ್ತದೆಂಬುದನ್ನು ದಿನವೂ ಕಂಡವರಿಗೆ, ಕೆಟ್ಟ ರೂಪದೊಳಗೆ ಮೊದಲ ರೂಪವನ್ನು ಗುರುತಿಸುವುದು ಕಲೆಯೂ ಹೌದು, ಕೆಲಸವೂ ಹೌದು.

ಅಯ್ಯರವರ ಕೋಲಾರದಂತೆ ನಮ್ಮ ಪಾವಗಡವೂ ಬರದ ಬಯಲುಸೀಮೆ; ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದ ಪ್ರದೇಶ. ಆ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುಗಟ್ಟುತ್ತದೆ, ಬೆನ್ನೆಲುಬು ಬಿಗಿಯುತ್ತದೆ, ಕೀಲುಗಳು ಬಾಗಲೊಲ್ಲವು. ಬಿ.ಪಿ.ಟಿ. ಪದವಿಗೆ ಸೇರುವ ವಿಚಾರವಾಗಿ ಕೇಳಲು ಬರುವ ವಿದ್ಯಾರ್ಥಿಗಳಲ್ಲಿ ಕೆಲವರು ಸಂಬಳದ ಲೆಕ್ಕ ಹಾಕುತ್ತಾರೆ. ವೈದ್ಯಕೀಯ ಸೀಟು ಕೈತಪ್ಪಿತೆಂದು ಕೆಲವರು ಬರುತ್ತಾರೆ. ಇನ್ನು ಕೆಲವರು ಗೋಡೆ ಹಿಡಿದು ಏಳುವ ಅಜ್ಜಿಯನ್ನು ಕಂಡು ಬೆಳೆದವರು. ಯಾವ ಕಾರಣವೂ ಹೀನವಲ್ಲ. ಆದರೆ ಹೋಗುವವರು ಒಂದು ಸತ್ಯವನ್ನು ತಿಳಿದು ಹೋಗಬೇಕು: ಎಲುಬಿನಲ್ಲಿ ನೆಲೆಸಿದ ಫ್ಲೋರೈಡನ್ನು ಯಾವ ವ್ಯಾಯಾಮವೂ ಕರಗಿಸದು, ಅದಕ್ಕೆ ಶುದ್ಧವಾದ ನೀರೇ ರಕ್ಷೆ. ಫಿಸಿಯೋಥೆರಪಿಸ್ಟನ ಕೈ ಮಾಡಬಹುದಾದದ್ದು ಉಳಿದ ಚಲನೆಯನ್ನು ಉಳಿಸುವುದು, ನೋವನ್ನು ತಗ್ಗಿಸುವುದು, ಅಜ್ಜಿ ತಾನಾಗಿ ಎದ್ದು ಹೊಸ್ತಿಲು ದಾಟುವಂತೆ ಮಾಡುವುದು. ಇಷ್ಟನ್ನು ಅಲ್ಪವೆಂದು ತಿಳಿಯುವವರು ಈ ಹಾದಿಗೆ ಬಾರದಿರುವುದು ಲೇಸು.

ಅಯ್ಯರವರು 1980ರಲ್ಲಿ ಕಾಲವಾದರು. 2021ರಲ್ಲಿ ಸಂಸತ್ತು ಅಂಗೀಕರಿಸಿದ ಶಾಸನದ ಮೂಲಕ ಫಿಸಿಯೋಥೆರಪಿಯೂ ಸೇರಿದಂತೆ ಆರೋಗ್ಯ ಕ್ಷೇತ್ರದ ಅನೇಕ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗವೊಂದು ಏರ್ಪಟ್ಟಿತು. ಪದವಿ, ನೋಂದಣಿ, ಶಾಸ್ತ್ರ ಎಲ್ಲವೂ ಇಂದು ಇವೆ, ಇರಬೇಕಾದುವೇ. ಸೌಂದರ್ಯದ ಮೋಹದಿಂದಲೋ ಜೀವನೋಪಾಯದ ಚಿಂತೆಯಿಂದಲೋ ಯಾರಾದರೂ ಈ ಬಾಗಿಲನ್ನು ಪ್ರವೇಶಿಸಲಿ. ಒಳಗೆ ಬಂದ ಮೇಲೆ ಅವರನ್ನು ಅಲ್ಲಿ ನಿಲ್ಲಿಸುವುದು, ತಮ್ಮ ದೇಹದ ಮೇಲಿದ್ದ ಅಕ್ಕರೆ ಇನ್ನೊಬ್ಬರ ದೇಹದ ಮೇಲೂ ಹುಟ್ಟಿತೆ ಎಂಬುದೊಂದೇ. ‘ರೂಪದರ್ಶಿ’ಯ ಕರ್ತೃವಿನ ಬಾಳಿನಿಂದ ತರುಣರು ಕಲಿಯಬೇಕಾದ ಪಾಠ ಇದೆಂದು ತೋರುತ್ತದೆ.