ಈಜು ಬಲ್ಲ ಪ್ರಧಾನಿ, ಗೊತ್ತಿದ್ದ ಕಡಲು

ಭಾನುವಾರ ಬಂತೆಂದರೆ ಗೆಜ್ಜಲಗೆರೆ, ಮದ್ದೂರು ಕಡೆಯ ಹುಡುಗರ ಬೈಕುಗಳು ಹಲಗೂರು ದಾಟಿ ಮುತ್ತತ್ತಿ ದಾರಿ ಹಿಡಿಯುತ್ತವೆ. ಮುತ್ತೆತ್ತರಾಯನಿಗೆ ಕೈ ಮುಗಿದು, ಬಾಡೂಟ ಮುಗಿಸಿ, ಆಮೇಲೆ ಕಾವೇರಿಗೆ ಇಳಿಯೋದು. ಅಲ್ಲಿನ ಸುಳಿ, ಮಡುಗಳಲ್ಲಿ ಎಷ್ಟು ಜನ ಹೋಗಿದ್ದಾರೆ ಅನ್ನೋದು ಸುತ್ತಲ ಊರಿಗೆಲ್ಲ ಗೊತ್ತು. ಆದರೂ ಇಳಿಯುವವನು ಕೊಡೋ ಉತ್ತರ ಒಂದೇ, ತನಗೆ ಈಜು ಬರುತ್ತೆ ಅಂತ. ಆ ಉತ್ತರ ಕಿವಿಗೆ ಬಿದ್ದಾಗಲೆಲ್ಲ ನನಗೆ ನೆನಪಾಗುವವರು ಆಸ್ಟ್ರೇಲಿಯಾದ ಪ್ರಧಾನಿ ಹೆರಾಲ್ಡ್ ಹೋಲ್ಟ್. ಅಧಿಕಾರದಲ್ಲಿದ್ದಾಗಲೇ, ಹಾಡಹಗಲಲ್ಲೇ, ಪರಿಚಿತರ ಕಣ್ಣೆದುರೇ ಕಡಲಲ್ಲಿ ಕಾಣೆಯಾದ ಮನುಷ್ಯ.

ಹೋಲ್ಟ್ ಹುಟ್ಟಿದ್ದು 1908ರ ಆಗಸ್ಟ್ 5ರಂದು, ಸಿಡ್ನಿಯಲ್ಲಿ. ಮನೆ ಅಂತ ಹೇಳಿಕೊಳ್ಳುವಂಥ ಮನೆ ಇರಲಿಲ್ಲ. ಅಪ್ಪ ಅಮ್ಮ ಬೇರೆಯಾದರು, ಹದಿನಾರು ವರ್ಷಕ್ಕೆ ತಾಯಿ ಹೋದರು. ಹಾಸ್ಟೆಲಿನಲ್ಲಿ ಬೆಳೆದ ಹುಡುಗ ಮೆಲ್ಬರ್ನ್‌ನಲ್ಲಿ ಕಾನೂನು ಓದಿ, 1935ರಲ್ಲಿ, 27ನೇ ವಯಸ್ಸಿಗೇ ಸಂಸತ್ತಿಗೆ ಬಂದ. 1940ರಲ್ಲಿ ಸೇನೆ ಸೇರಿದ್ದರು. ಅದೇ ವರ್ಷ ಕ್ಯಾನ್‌ಬೆರಾದ ವಿಮಾನ ದುರಂತದಲ್ಲಿ ಮೂವರು ಮಂತ್ರಿಗಳು ಸತ್ತಿದ್ದರಿಂದ ಮತ್ತೆ ರಾಜಕಾರಣಕ್ಕೆ ಕರೆ ಬಂತು. ಮುಂದೆ ಕಾರ್ಮಿಕ ಖಾತೆ, ವಲಸೆ ಖಾತೆ, ಹಣಕಾಸು ಹೀಗೆ ಮೂರು ದಶಕ ಕಾದ ಮೇಲೆ 1966ರ ಜನವರಿಯಲ್ಲಿ ಪ್ರಧಾನಿಯಾದರು.

ಅವರ ಆಡಳಿತ ಎರಡು ವರ್ಷವೂ ನಡೆಯಲಿಲ್ಲ. ವಿಯೆಟ್ನಾಂ ಯುದ್ಧಕ್ಕೆ ಇನ್ನಷ್ಟು ಸೈನಿಕರನ್ನು ಕಳಿಸಿದ ತಪ್ಪು ಅವರ ಲೆಕ್ಕದಲ್ಲಿದೆ. ಅದರ ಜೊತೆಗೇ ಬಿಳಿಯರಿಗಷ್ಟೇ ಜಾಗ ಅನ್ನುವ ವಲಸೆ ನೀತಿಯ ಅಗುಳಿಯನ್ನು ಸಡಿಲಿಸಿದವರೂ ಅವರೇ. ಬಾಗಿಲು ಪೂರ್ತಿ ತೆರೆಯಲು 1973ರವರೆಗೆ ಕಾಯಬೇಕಾಯಿತು, ನಿಜ. ಆದರೆ ಮೆಲ್ಬರ್ನ್‌ನಲ್ಲಿ ಇವತ್ತು ರಾಜ್ಯೋತ್ಸವ ಮಾಡೋ ಕನ್ನಡ ಕುಟುಂಬಗಳ ಕಥೆ ಶುರುವಾಗೋದು ಆ 1966ರ ತೀರ್ಮಾನದಿಂದ. 1967ರ ಮೇನಲ್ಲಿ ಮೂಲನಿವಾಸಿಗಳನ್ನೂ ಜನಗಣತಿಯಲ್ಲಿ ಎಣಿಸಬೇಕೆಂಬ ಜನಮತ ಶೇ. 90ಕ್ಕೂ ಹೆಚ್ಚು ಮತಗಳಿಂದ ಗೆದ್ದದ್ದೂ ಇವರ ಕಾಲದಲ್ಲೇ. ಇಷ್ಟೆಲ್ಲ ಇದ್ದರೂ ಜನರ ನೆನಪಲ್ಲಿ ಉಳಿದದ್ದು ಅವರ ಸಾವು ಮಾತ್ರ.

ಹೋಲ್ಟ್‌ಗೆ ಕಡಲಿನ ಹುಚ್ಚು ಹತ್ತಿದ್ದು ನಡುವಯಸ್ಸಿನಲ್ಲಿ. ಈಟಿ ಬಂದೂಕು ಹಿಡಿದು ನೀರಿನಡಿ ಮೀನು ಹೊಡೆಯೋ ಆಟ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಳ್ಳದೆ, ಬಾಯಲ್ಲೊಂದು ಉಸಿರುಕೊಳವೆ ಇಟ್ಟುಕೊಂಡು, ಉಸಿರು ಕಟ್ಟಿ ಮುಳುಗುವುದೇ ಅವರಿಗೆ ಇಷ್ಟ. ಸಂಸತ್ತಿನಲ್ಲಿ ಬೇಸರದ ಭಾಷಣ ನಡೆಯುವಾಗ ಕೂತಲ್ಲೇ ಉಸಿರು ಹಿಡಿಯೋದನ್ನ ಅಭ್ಯಾಸ ಮಾಡುತ್ತಿದ್ದರಂತೆ. (ನಮ್ಮ ವಿಧಾನಸಭೆಯಲ್ಲಾದರೆ ಒಳ್ಳೇ ಮುಳುಗುಗಾರರು ತಯಾರಾಗುತ್ತಿದ್ದರು.)

ಅವರ ನೆಚ್ಚಿನ ಜಾಗ ಮೆಲ್ಬರ್ನ್‌ನ ದಕ್ಷಿಣಕ್ಕಿರುವ ಪೋರ್ಟ್‌ಸೀ ಬಳಿಯ ಚೆವಿಯಟ್ ಬೀಚ್. 1887ರಲ್ಲಿ ಅಲ್ಲಿ ಒಡೆದು 35 ಜನರನ್ನು ಬಲಿ ತೆಗೆದುಕೊಂಡ ಹಡಗಿನ ಹೆಸರೇ ಆ ಬೀಚಿಗೆ. ಜಾಗ ಅಂಥದ್ದು. ಪಕ್ಕದಲ್ಲೇ ಪೋರ್ಟ್ ಫಿಲಿಪ್ ಕೊಲ್ಲಿಯ ಬಾಯಿ. ಒಳಗೆ ಸುಮಾರು 1,900 ಚದರ ಕಿಲೋಮೀಟರ್ ಹರವಿನ ನೀರು, ಹೊರಗೆ ಸಾಗರ, ನಡುವೆ ಬರೀ ಮೂರು ಕಿಲೋಮೀಟರ್ ಆಸುಪಾಸಿನ ಕಂಡಿ. ಉಬ್ಬರಕ್ಕೆ ಒಳನುಗ್ಗಿದ ನೀರೆಲ್ಲ ಇಳಿತಕ್ಕೆ ಅದೇ ಕಂಡಿಯಲ್ಲಿ ಹೊರಬೀಳಬೇಕು. ಬೀಚಿನಲ್ಲೋ ಬಂಡೆಗಳ ಸಂದಿಯಿಂದ ಹಿಂದಕ್ಕೆ ಎಳೆಯೋ ಸೆಳೆತ. ನಾಲೆಯ ತೂಬು ಎತ್ತಿದಾಗ ಅದರ ಬಾಯಲ್ಲಿ ನಿಂತು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಚ್ಚರಿಕೆ ಇರಲಿಲ್ಲ ಅಂತೇನಲ್ಲ. 1967ರ ಮೇನಲ್ಲಿ ಇದೇ ಬೀಚಿನಲ್ಲಿ ಉಸಿರುಕೊಳವೆಗೆ ನೀರು ನುಗ್ಗಿ ಮುಳುಗುತ್ತಿದ್ದವರನ್ನು ಜೊತೆಗಾರರು ಎಳೆದು ತಂದಿದ್ದರು. ಆಮೇಲೆ ಕ್ವೀನ್ಸ್‌ಲ್ಯಾಂಡ್ ಕಡೆಯೂ ಒಮ್ಮೆ ಹಾಗೇ ಆಯಿತು. ಭುಜದ ಹಳೇ ನೋವು ಮರುಕಳಿಸಿದ್ದರಿಂದ ಈಜು ಬಿಡಿ ಅಂತ ವೈದ್ಯರು ಹೇಳಿದ್ದರು. ಪತ್ರಿಕಾ ಕಾರ್ಯದರ್ಶಿಯೂ ಆತಂಕ ಹೇಳಿಕೊಂಡಿದ್ದರು. ಆದರೆ ಪ್ರಧಾನಿಯ ಕೈ ಹಿಡಿದು ದಡಕ್ಕೆ ಎಳೆಯುವವರು ಯಾರು?

1967ರ ಡಿಸೆಂಬರ್ 17, ಭಾನುವಾರ. ಒಬ್ಬಂಟಿಯಾಗಿ ದೋಣಿಯಲ್ಲಿ ಜಗತ್ತು ಸುತ್ತುತ್ತಿದ್ದ ಬ್ರಿಟನ್ನಿನ ಅಲೆಕ್ ರೋಸ್ ಆ ಕಂಡಿಯಿಂದ ಒಳಬರುವುದನ್ನು ನೋಡಲು ಹೋಲ್ಟ್ ನಾಲ್ವರ ಜೊತೆ ಹೋಗಿದ್ದರು. ವಾಪಸಾಗುವಾಗ ಬಿಸಿಲು, ಸೆಖೆ. ಚೆವಿಯಟ್ ಸೈನ್ಯದ ಜಾಗವಾದ್ದರಿಂದ ಬೇರೆ ಜನ ಇರಲಿಲ್ಲ. ಅಲೆ ಜೋರಾಗಿತ್ತು, ಸುಳಿ ಕಣ್ಣಿಗೇ ಕಾಣುತ್ತಿತ್ತು. ಹೋಲ್ಟ್ ನೇರ ಆಳಕ್ಕೆ ಈಜಿದರು. ಜೊತೆಗೆ ಇನ್ನೊಬ್ಬರೂ ಇಳಿದರು. ಅವರು ಅಂಚಿನಲ್ಲೇ ಇದ್ದು, ಕಾಲಡಿ ಸೆಳೆತ ಸಿಕ್ಕ ಕೂಡಲೇ ಮುಂದೆ ಹೋಗಲಿಲ್ಲ. ಬದುಕಿದರು. ಹೋಲ್ಟ್ ದೂರ ದೂರ ಸರಿದರು. ನೀರು ಒಮ್ಮೆ ಕುದಿದಂತಾಯಿತು, ಅಷ್ಟೇ.

ನನ್ನ ಮಟ್ಟಿಗೆ ಇಡೀ ಬದುಕಿನ ತಿರುಳು ಆ ಇಬ್ಬರ ನಡುವಿನ ಅಂತರದಲ್ಲಿದೆ. ಹೋಲ್ಟ್‌ಗೆ ಆ ಬೀಚು ಅಂಗೈ ಗೆರೆಯಷ್ಟು ಗೊತ್ತಿತ್ತು, ಅದೇ ಅವರನ್ನು ಒಳಕ್ಕೆ ಕರೆದೊಯ್ದಿತು. ಇನ್ನೊಬ್ಬರು ನಂಬಿದ್ದು ಆ ಹೊತ್ತಿನ ನೀರನ್ನು. ಇವತ್ತು ಕಯಾಕ್ ಹುಟ್ಟುಹಾಕಿಕೊಂಡು ಹೋಗಿ ಮೀನಿಗೆ ಮುಳುಗುವವರು ಮೊದಲು ನೋಡೋದು ಉಬ್ಬರ-ಇಳಿತದ ವೇಳಾಪಟ್ಟಿ. ಎರಡರ ನಡುವೆ ನೀರು ನಿಂತಂತಿರುವ ಹೊತ್ತನ್ನೇ ಆರಿಸುತ್ತಾರೆ. ಹೋಗುವಾಗ ಹರಿವಿಗೆ ಎದುರಾಗಿ, ದಣಿದು ಬರುವಾಗ ಹರಿವಿನ ಜೊತೆ. ಒಬ್ಬ ಮುಳುಗಿದರೆ ಇನ್ನೊಬ್ಬ ಮೇಲೆ ಕಾಯಬೇಕು. ದಡದ ಸೆಳೆತಕ್ಕೆ ಸಿಕ್ಕವರು ನೇರ ದಡಕ್ಕೆ ಗುದ್ದಾಡದೆ, ತೇಲಿಕೊಂಡು, ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿಯಬೇಕು. ಬಯಲುಸೀಮೆಯ ನಮಗೆ ಇದನ್ನು ಯಾರೂ ಕಲಿಸೋದಿಲ್ಲ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಹೋದ ಮುಳಬಾಗಿಲು ಕಡೆಯ ನಾಲ್ವರು ವಿದ್ಯಾರ್ಥಿನಿಯರು ಹಿಂತಿರುಗಲಿಲ್ಲ. ಕಾವೇರಿಯಲ್ಲಿ ಉಬ್ಬರ ಇಲ್ಲ, ಆದರೆ ಮೇಲಿನಿಂದ ಬಿಟ್ಟ ನೀರು ಯಾವ ಹೊತ್ತಿಗೆ ಏರುತ್ತೆ ಅಂತ ಮುತ್ತತ್ತಿಯ ಬಂಡೆ ಮೇಲೆ ಕೂತವನಿಗೂ ತಿಳಿಯೋದಿಲ್ಲ.

ಹೋಲ್ಟ್‌ಗಾಗಿ ನೌಕಾಪಡೆ, ಹೆಲಿಕಾಪ್ಟರು, ಮುಳುಗುಗಾರರು ಎಲ್ಲ ಬಂದರು. ದೇಹ ಸಿಗಲೇ ಇಲ್ಲ. ಡಿಸೆಂಬರ್ 22ರ ಶ್ರದ್ಧಾಂಜಲಿಗೆ ಅಮೆರಿಕದ ಅಧ್ಯಕ್ಷ ಜಾನ್ಸನ್ ಮೆಲ್ಬರ್ನ್‌ಗೆ ಹಾರಿ ಬಂದರು. ಚೀನಾದ ಜಲಾಂತರ್ಗಾಮಿ ಹೊತ್ತೊಯ್ದಿತು ಅನ್ನೋ ಕಥೆಯೂ ಹುಟ್ಟಿತು, ಅದು ಬಿಡಿ. 2005ರಲ್ಲಿ ವಿಚಾರಣೆ ನಡೆಸಿದ ಅಧಿಕಾರಿ ಆಕಸ್ಮಿಕವಾಗಿ ಮುಳುಗಿ ಸತ್ತರೆಂದು ಬರೆದು ಮುಗಿಸಿದರು.

ಅವರು ಸಾಯುವ ಹೊತ್ತಿಗೆ ಅವರ ಕ್ಷೇತ್ರದ ವ್ಯಾಪ್ತಿಯಲ್ಲಿ ಈಜುಕೊಳವೊಂದು ಕಟ್ಟಡದ ಹಂತದಲ್ಲಿತ್ತು. ಅದಕ್ಕೆ ಹೋಲ್ಟ್ ಹೆಸರನ್ನೇ ಇಟ್ಟರು, 1969ರಲ್ಲಿ ತೆರೆದರು. ಮುಳುಗಿ ಸತ್ತವನ ಹೆಸರಿನ ಈಜುಕೊಳ ಅಂತ ಆಸ್ಟ್ರೇಲಿಯನ್ನರು ಇವತ್ತಿಗೂ ನಗುತ್ತಾರೆ. ಮಕ್ಕಳು ಮಾತ್ರ ಅಲ್ಲಿ ಈಜು ಕಲಿಯುತ್ತಲೇ ಇದ್ದಾರೆ. ಚೆವಿಯಟ್ ಬೀಚು ಈಗ ರಾಷ್ಟ್ರೀಯ ಉದ್ಯಾನದ ಭಾಗ. ಅಲ್ಲಿ ನೀರಿಗಿಳಿಯುವಂತಿಲ್ಲ.