ಮಗು ಬೇಕೆಂದವರಿಗಾಗಿ ದಿನ ಲೆಕ್ಕ ಹಾಕಿದ ಜಪಾನಿ ವೈದ್ಯ ಒಗಿನೊ. ಪಿಸಿಓಎಸ್ ಇದ್ದವರಿಗೆ ಅವರ ಸಂಶೋಧನೆ ಹೇಳುವುದೇನು?

ಮಗುವಿಗಾಗಿ ಕಾಯುತ್ತಿರುವ ಅನೇಕ ಮಹಿಳೆಯರ ಮೊಬೈಲ್‌ನಲ್ಲಿ ಇಂದು ಪಿರಿಯಡ್ಸ್ ಆ್ಯಪ್ ಇರುತ್ತದೆ. ಮುಟ್ಟಿನ ದಿನಾಂಕ ಹಾಕಿದರೆ ಸಾಕು, ಅಂಡೋತ್ಪತ್ತಿ ಯಾವಾಗ ಎಂದು ಅದು ತೋರಿಸುತ್ತದೆ. ಈ ಲೆಕ್ಕಕ್ಕೆ ನೂರು ವರ್ಷಗಳ ಹಿಂದೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರು ಜಪಾನಿನ ಸ್ತ್ರೀರೋಗ ತಜ್ಞ ಕ್ಯೂಸಾಕು ಒಗಿನೊ. ಪಿಸಿಓಎಸ್ ಇರುವವರಿಗೆ ಅದೇ ಲೆಕ್ಕ ಏಕೆ ತಪ್ಪುತ್ತದೆ ಎಂಬುದಕ್ಕೂ ಅವರ ಸಂಶೋಧನೆಯಲ್ಲೇ ಉತ್ತರವಿದೆ.

ಊರಿನ ಆಸ್ಪತ್ರೆಯಲ್ಲೇ ಸಂಶೋಧನೆ

ಒಗಿನೊ ಹುಟ್ಟಿದ್ದು 1882ರ ಮಾರ್ಚ್ 25ರಂದು, ಐಚಿ ಪ್ರಾಂತ್ಯದ ಟೊಯೊಹಾಶಿಯಲ್ಲಿ. ಹುಟ್ಟಿದ ಮನೆತನ ನಾಕಾಮುರಾ. ದತ್ತು ಹೋದ ಮನೆಯಿಂದ ಒಗಿನೊ ಎಂಬ ಹೆಸರು ಬಂತು. 1909ರಲ್ಲಿ ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಪದವಿ ಮುಗಿಸಿದ ಅವರು, 1912ರಲ್ಲಿ ನೀಗಾತಾ ನಗರದ ತಾಕೆಯಾಮಾ ಆಸ್ಪತ್ರೆ ಸೇರಿದರು. ಮುಂದಿನ ಬದುಕೆಲ್ಲ ಆ ಊರಿನಲ್ಲೇ ಕಳೆಯಿತು.

ಮಕ್ಕಳಾಗದ ಸೊಸೆಯನ್ನು ತವರಿಗೆ ಕಳುಹಿಸಿಬಿಡುವುದು ಅಂದಿನ ಜಪಾನಿನಲ್ಲಿ ಅಪರೂಪವಾಗಿರಲಿಲ್ಲ. ಗರ್ಭ ನಿಲ್ಲಲು ಯಾವ ದಿನಗಳು ಸೂಕ್ತ ಎಂದು ಕೇಳಿದರೆ ವೈದ್ಯರ ಬಳಿಯೂ ಖಚಿತ ಉತ್ತರವಿರಲಿಲ್ಲ. ಅಂಡಾಣು ತಿಂಗಳ ಯಾವ ದಿನ ಬೇಕಾದರೂ ಬಿಡುಗಡೆಯಾಗಬಹುದು ಎನ್ನುವವರೂ ಇದ್ದರು. ಉಳಿದವರು ಕಳೆದ ಮುಟ್ಟಿನ ಮೊದಲ ದಿನದಿಂದ ಮುಂದಕ್ಕೆ ಎಣಿಸುತ್ತಿದ್ದರು. ಆದರೆ ಒಬ್ಬೊಬ್ಬರ ಲೆಕ್ಕ ಒಂದೊಂದು ಥರ.

ಒಗಿನೊ ಬೇರೆ ದಾರಿ ಹಿಡಿದರು. ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡುವಾಗ ಅಂಡಾಶಯವನ್ನು ಗಮನಿಸಿ, ಅಂಡಾಣು ಹೊರಬಿದ್ದಿದೆಯೇ, ಆ ಜಾಗದಲ್ಲಿ ಹಳದಿ ಬಣ್ಣದ ಕಾರ್ಪಸ್ ಲೂಟಿಯಂ ಬೆಳೆದಿದೆಯೇ ಎಂದು ನೋಡಿದರು. ಅದನ್ನು ರೋಗಿಯ ಮುಟ್ಟಿನ ದಿನಾಂಕಗಳ ಜೊತೆ ಹೋಲಿಸಿದರು.

ಲೆಕ್ಕ ಹಿಂದಕ್ಕೆ ಎಣಿಸಬೇಕು

1924ರಲ್ಲಿ ಅವರ ಪ್ರಬಂಧ ಜಪಾನಿ ಭಾಷೆಯಲ್ಲಿ ಪ್ರಕಟವಾಯಿತು. ಮುಂದಿನ ಮುಟ್ಟು ಬರುವುದಕ್ಕೆ 12ರಿಂದ 16 ದಿನ ಮೊದಲು ಅಂಡೋತ್ಪತ್ತಿ ಆಗುತ್ತದೆ ಎಂಬುದು ಅದರ ತಿರುಳು. ಅಂದರೆ ನಂಟು ಇರುವುದು ಮುಂದೆ ಬರಲಿರುವ ಮುಟ್ಟಿನೊಂದಿಗೆ, ಕಳೆದ ಮುಟ್ಟಿನೊಂದಿಗಲ್ಲ. ಋತುಚಕ್ರ 28 ದಿನದ್ದಾದರೆ ಅಂಡೋತ್ಪತ್ತಿ ಸುಮಾರು 14ನೇ ದಿನ. 45 ದಿನದ್ದಾದರೆ 31ನೇ ದಿನದ ಆಸುಪಾಸು.

1930ರಲ್ಲಿ ಜರ್ಮನ್ ಭಾಷೆಯಲ್ಲೂ ಪ್ರಬಂಧ ಪ್ರಕಟವಾದಾಗ ಯುರೋಪ್ ಗಮನ ಹರಿಸಿತು. ಆಸ್ಟ್ರಿಯಾದ ವೈದ್ಯ ಹರ್ಮನ್ ಕ್ನೌಸ್ ಕೂಡ ಆ ವೇಳೆಗೆ ತಮ್ಮದೇ ಪ್ರಯೋಗಗಳಿಂದ ಹೆಚ್ಚುಕಡಿಮೆ ಇದೇ ತೀರ್ಮಾನಕ್ಕೆ ಬಂದಿದ್ದರು. ಹಾಗಾಗಿ ಇಬ್ಬರ ಹೆಸರೂ ಜೊತೆಯಾಗಿ ಉಳಿಯಿತು.

ಆದರೆ ಜಗತ್ತು ಈ ಲೆಕ್ಕವನ್ನು ತಲೆಕೆಳಗಾಗಿ ಬಳಸಿತು. ಡಚ್ ವೈದ್ಯ ಯಾನ್ ಸ್ಮುಲ್ಡರ್ಸ್ ಇದನ್ನು ಗರ್ಭ ತಡೆಯುವ ವಿಧಾನವನ್ನಾಗಿ ಮಾಡಿದರು. 1951ರಲ್ಲಿ ಪೋಪ್ 12ನೇ ಪಿಯಸ್, ಗಂಭೀರ ಕಾರಣಗಳಿದ್ದರೆ ಕ್ಯಾಥೊಲಿಕ್ ದಂಪತಿ ಇಂಥ ವಿಧಾನ ಅನುಸರಿಸಬಹುದೆಂದರು. ಒಗಿನೊ ಮಾತ್ರ ಇದನ್ನು ಒಪ್ಪಲಿಲ್ಲ. ಗರ್ಭ ತಡೆಯಲು ಇದನ್ನು ನಂಬಿದರೆ ಬೇಡದ ಗರ್ಭ ನಿಲ್ಲುವ ಅಪಾಯ ಹೆಚ್ಚು ಎಂದು ಎಚ್ಚರಿಸುತ್ತಲೇ ಬಂದರು. ಮಕ್ಕಳಿಲ್ಲದವರಿಗೆ ನೆರವಾಗುವುದು ಅವರ ಉದ್ದೇಶವಾಗಿತ್ತು.

ಪಿಸಿಓಎಸ್‌ನಲ್ಲಿ ಎಡವುದು ಎಲ್ಲಿ?

ಒಗಿನೊ ಹೆಸರು ಹೊರದೇಶಗಳಲ್ಲಿ ಹರಡುತ್ತಿದ್ದಾಗಲೇ, 1935ರಲ್ಲಿ ಶಿಕಾಗೊದ ವೈದ್ಯರಾದ ಇರ್ವಿಂಗ್ ಸ್ಟೈನ್ ಮತ್ತು ಮೈಕೆಲ್ ಲೆವೆಂಥಾಲ್ ಏಳು ಮಹಿಳೆಯರ ಸಮಸ್ಯೆಯನ್ನು ವರದಿ ಮಾಡಿದರು. ಅವರ ಅಂಡಾಶಯಗಳು ದಪ್ಪಗಾಗಿದ್ದವು, ಮುಟ್ಟು ಸರಿಯಾಗಿ ಆಗುತ್ತಿರಲಿಲ್ಲ. ಇಂದು ನಾವು ಪಿಸಿಓಎಸ್ ಎನ್ನುವುದು ಇದನ್ನೇ.

ಒಗಿನೊ ಲೆಕ್ಕಕ್ಕೆ ಮುಂದಿನ ಮುಟ್ಟಿನ ದಿನ ಗೊತ್ತಿರಬೇಕು. ಪಿಸಿಓಎಸ್‌ನಲ್ಲಿ ಗೊತ್ತಿಲ್ಲದಿರುವುದೇ ಅದು. ಒಂದು ತಿಂಗಳು 35 ದಿನ, ಇನ್ನೊಮ್ಮೆ 60 ದಿನ; ಕೆಲವೊಮ್ಮೆ ಅಂಡಾಣು ಬಿಡುಗಡೆಯಾಗದೆಯೇ ರಕ್ತಸ್ರಾವವಾಗುತ್ತದೆ. ಹೀಗಿರುವಾಗ ಆ್ಯಪ್ ತೋರಿಸುವ ದಿನ ಬರೀ ಅಂದಾಜು. ಆ ದಿನ ಹುಸಿಯಾದರೆ ಹೆಣ್ಣು ತನ್ನನ್ನೇ ದೂಷಿಸಿಕೊಳ್ಳಬೇಕಿಲ್ಲ.

ಬೇರೆ ದಾರಿಗಳಿಗೂ ಮಿತಿಯಿದೆ. ಬೆಳಗ್ಗೆ ಏಳುವ ಮೊದಲು ನೋಡುವ ದೇಹದ ಉಷ್ಣತೆ ಅಂಡೋತ್ಪತ್ತಿಯಾದ ಮೇಲಷ್ಟೇ ಏರುತ್ತದೆ. ಅಂಡಾಣು ಒಂದು ದಿನದೊಳಗೆ ನಾಶವಾಗುವುದರಿಂದ ಆ ತಿಂಗಳಿಗೆ ಅದು ತಡವಾದ ಸುದ್ದಿ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಓವ್ಯುಲೇಶನ್ ಕಿಟ್ ಮೂತ್ರದಲ್ಲಿನ ಎಲ್‌ಎಚ್ ಹಾರ್ಮೋನ್ ನೋಡುತ್ತದೆ. ಪಿಸಿಓಎಸ್ ಇರುವ ಕೆಲವರಲ್ಲಿ ಆ ಹಾರ್ಮೋನ್ ಮೊದಲೇ ಹೆಚ್ಚಿರುವುದರಿಂದ ಅಂಡೋತ್ಪತ್ತಿ ಇಲ್ಲದಿದ್ದರೂ ಕಿಟ್ ಪಾಸಿಟಿವ್ ತೋರಿಸಬಹುದು.

ಹೆಚ್ಚು ಭರವಸೆಯ ಮಾರ್ಗವೆಂದರೆ ಅಂಡಕೋಶದ ಬೆಳವಣಿಗೆಯನ್ನು ದಿನ ಬಿಟ್ಟು ದಿನ ನೋಡುವ ಫಾಲಿಕ್ಯುಲರ್ ಸ್ಕ್ಯಾನ್ ಮತ್ತು ಪ್ರೊಜೆಸ್ಟರಾನ್ ರಕ್ತ ಪರೀಕ್ಷೆ. ಈ ರಕ್ತ ಪರೀಕ್ಷೆಯನ್ನು 21ನೇ ದಿನ ಮಾಡಿಸಿ ಎನ್ನುವುದು 28 ದಿನದ ಚಕ್ರಕ್ಕಷ್ಟೇ ಸರಿ. ಮುಂದಿನ ಮುಟ್ಟಿಗೆ ಒಂದು ವಾರ ಮೊದಲು ಎಂಬುದು ಅದರ ನಿಜವಾದ ಅರ್ಥ. ಚಕ್ರ ಉದ್ದವಿದ್ದರೆ ವೈದ್ಯರು ತಡವಾಗಿ ಮಾಡಿಸುತ್ತಾರೆ, ಬೇಕಾದರೆ ವಾರ ಬಿಟ್ಟು ಮತ್ತೆ ಮಾಡಿಸುತ್ತಾರೆ. ಇಲ್ಲೂ ಇರುವುದು ಒಗಿನೊ ಹೇಳಿದ ಹಿಂದಕ್ಕೆ ಎಣಿಸುವ ಲೆಕ್ಕವೇ.

ಮುಟ್ಟು 35 ದಿನಕ್ಕಿಂತ ತಡವಾಗುತ್ತಿದ್ದರೆ, ಅಥವಾ ವರ್ಷಕ್ಕೆ ಎಂಟಕ್ಕಿಂತ ಕಡಿಮೆ ಬಾರಿ ಆಗುತ್ತಿದ್ದರೆ ಒಂದು ವರ್ಷ ಕಾಯದೆ ಸ್ತ್ರೀರೋಗ ತಜ್ಞರನ್ನು ಕಾಣುವುದು ಒಳ್ಳೆಯದು. ಅಂಡೋತ್ಪತ್ತಿಗೆ ನೆರವಾಗುವ ಲೆಟ್ರೊಜೋಲ್‌ನಂಥ ಮಾತ್ರೆಗಳಿವೆ. ಅವನ್ನು ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕು. ಪತಿಯ ವೀರ್ಯ ಪರೀಕ್ಷೆಯೂ ಜೊತೆಯಲ್ಲೇ ಆಗಬೇಕು.

ಗರ್ಭಕೊರಳಿನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲೂ ಹೆಸರು ಮಾಡಿದ ಒಗಿನೊ, 1975ರ ಜನವರಿ 1ರಂದು ತಮ್ಮ 92ನೇ ವಯಸ್ಸಿನಲ್ಲಿ ನೀಗಾತಾದಲ್ಲೇ ತೀರಿಕೊಂಡರು. ಆ ನಗರದ ಒಂದು ರಸ್ತೆಗೆ ಇಂದಿಗೂ ಅವರ ಹೆಸರಿದೆ.